ಹೆಪ್ಪು ಹಾಕದ ಬಿಯರು

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಇದು ಒಂದು ಬಿಯರಿನ ವಿಮರ್ಶೆ. ಪರವೂರಿನ ಬದುಕಿನ ಬಗ್ಗೆ ಬರೆಯಿರಿ ಅಂದರೆ ಈ ಮನುಷ್ಯ ಬಾಟಲಿ ಹಿಡಿದುಕೊಂಡು ಬಂದನಲ್ಲ ಎಂದು ಊರಿನ ಓದುಗರು ಮೂಗು ಮುರಿಯಬಾರದು. ನಾನು ಕುಡುಕನಲ್ಲ. ಮೂವತ್ತೇಳು ವರ್ಷ ಬ್ಯಾಂಕಿನಲ್ಲಿ ದುಡಿದವನು, ವರ್ಷಕ್ಕೆ ಎರಡೋ ಮೂರೋ ಸಲ ಯಾರದ್ದಾದರೂ ಪ್ರಮೋಶನ್ನಿಗೋ ಬೀಳ್ಕೊಡುಗೆಗೋ ಅರ್ಧ ಗ್ಲಾಸು ಹಿಡಿದು ಕೂತವನು. ವಿಮರ್ಶೆ ಬರೆಯುವ ಓದೂ ನನ್ನದಲ್ಲ. ನಾನು ಓದಿದ್ದು ಎಂ.ಕಾಂ. ಆದರೆ ಇನ್‌ಸ್ಪೆಕ್ಷನ್ ವಿಭಾಗದಲ್ಲಿ ಒಂಬತ್ತು ವರ್ಷ ಇದ್ದೆ. ಅಲ್ಲಿ ಕಲಿತದ್ದು ಒಂದೇ ವಿದ್ಯೆ. ಎದುರಿಗಿರುವವರು ಎಷ್ಟೇ ಚಂದ ಮಾಡಿ ಹೇಳಲಿ, ಕೊನೆಗೆ "ವೋಚರ್ ಎಲ್ಲಿದೆ?" ಎಂದು ಕೇಳುವುದು.

ನನ್ನ ಮಗಳು ಬ್ರಸೆಲ್ಸಿನಲ್ಲಿದ್ದಾಳೆ. ನಾನು ಕುಂದಾಪುರದ ಕಡೆಯ ಹಳ್ಳಿಯಿಂದ ಮುಂಬಯಿಗೆ ಬಂದೆ, ಅವಳು ಡೊಂಬಿವಲಿಯಿಂದ ಅಲ್ಲಿಗೆ ಹೋದಳು. 2023ರ ಮಾರ್ಚಿನಲ್ಲಿ ಮೂರು ವಾರ ಅವಳ ಮನೆಯಲ್ಲಿದ್ದೆ. ಹೆಂಡತಿ ಬರಲಿಲ್ಲ, ಅವಳಿಗೆ ಮಂಡಿನೋವು. ಒಂದು ಶನಿವಾರ ಮಗಳು, "ಅಪ್ಪ, ಇಲ್ಲಿ ಒಂದು ಬಿಯರ್ ಇದೆ. ಯೀಸ್ಟೇ ಹಾಕುವುದಿಲ್ಲ. ಗಾಳಿಯಲ್ಲಿ ಬಂದದ್ದರಿಂದಲೇ ಹುಳಿ ಬರ್ತದೆ. ಈ ಊರಿನ ಗಾಳಿ ಬಿಟ್ಟರೆ ಬೇರೆ ಎಲ್ಲಿಯೂ ಆಗುದಿಲ್ಲಂತೆ," ಅಂದಳು.

ನನಗೆ ನಗು ಬಂತು. ಇದೇ ಮಾತನ್ನು ನಾನು 1986ರಿಂದ ಮುಂಬಯಿಯಲ್ಲಿ ಹೇಳುತ್ತಾ ಬಂದಿದ್ದೇನೆ, ಬಿಯರಿನ ಬಗ್ಗೆ ಅಲ್ಲ, ಇಡ್ಲಿಯ ಬಗ್ಗೆ. "ಊರಿನ ಇಡ್ಲಿ ಇಲ್ಲಿ ಆಗುದಿಲ್ಲ. ಅದಕ್ಕೆ ಊರಿನ ಗಾಳಿಯೇ ಬೇಕು." ಮುಂಬಯಿ, ಪುಣೆಗಳಲ್ಲಿರುವ ನಮ್ಮವರ ಯಾವ ಮನೆಗೆ ಹೋದರೂ ಈ ಮಾತು ಕೇಳುತ್ತದೆ. ಕೆಲವರು ಗಾಳಿ ಅನ್ನುತ್ತಾರೆ, ಕೆಲವರು ನೀರು. ವೋಚರ್ ಮಾತ್ರ ಯಾರೂ ತೋರಿಸಿದ್ದಿಲ್ಲ. ಈ ಬಿಯರಿನವರಾದರೂ ತೋರಿಸುತ್ತಾರೋ ನೋಡುವ ಎಂದು ಹೊರಟೆ.

ಬಿಯರಿನ ಗಂಧ ಇಲ್ಲದವರಿಗಾಗಿ ಸ್ವಲ್ಪ ವಿವರಿಸಬೇಕು. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ಬಿಸಿನೀರಿನಲ್ಲಿ ನೆನೆಸಿ, ಸಿಹಿ ಕಷಾಯ ಬಸಿದು, ಹಾಪ್ಸ್ ಎಂಬ ಕಹಿ ಹೂವು ಹಾಕಿ ಕುದಿಸುತ್ತಾರೆ. ತಣಿದ ಮೇಲೆ ಯೀಸ್ಟ್ ಹಾಕುತ್ತಾರೆ. ಹಾಲಿಗೆ ಹೆಪ್ಪು ಹಾಕಿದ ಹಾಗೆ. 1883ರಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಶಾಲೆಯಲ್ಲಿ ಎಮಿಲ್ ಹ್ಯಾನ್ಸೆನ್ ಎಂಬ ವಿಜ್ಞಾನಿ ಒಂದೇ ಒಂದು ಯೀಸ್ಟ್ ಕಣವನ್ನು ಬೇರೆ ಮಾಡಿ ಅದರ ಸಂತಾನವನ್ನು ಬೆಳೆಸಿದ. ಅಂದಿನಿಂದ ಲೋಕದ ಹೆಚ್ಚಿನ ಬಿಯರು ಇಂಥ ಶುದ್ಧ ಹೆಪ್ಪಿನದ್ದು. ಇವತ್ತು ಮಾಡಿದ್ದೂ ಆರು ತಿಂಗಳ ಮೇಲೆ ಮಾಡಿದ್ದೂ ಒಂದೇ ರುಚಿ. ಬ್ರಸೆಲ್ಸ್ ಮತ್ತು ಅದರ ಪಕ್ಕದ ಪಯೊಟ್ಟನ್‌ಲ್ಯಾಂಡ್ ಎಂಬ ಸೀಮೆಯ ಕೆಲವು ಮನೆತನಗಳು ಮಾತ್ರ ಈ ದಾರಿಗೆ ಬರಲಿಲ್ಲ. ಅವರ ಬಿಯರಿಗೆ ಹೆಪ್ಪಿಲ್ಲ. ಅದರ ಹೆಸರು ಲ್ಯಾಂಬಿಕ್. ಒಂದು, ಎರಡು, ಮೂರು ವರ್ಷದ ಲ್ಯಾಂಬಿಕ್‌ಗಳನ್ನು ಬೆರೆಸಿ ಬಾಟಲಿಗೆ ತುಂಬಿದರೆ ಅದು ಗ್ಯೋಜ್. ಅವರು ಹೇಳುವ ಉಚ್ಚಾರ ಬೇರೆಯೇ, ನನ್ನ ನಾಲಿಗೆಗೆ ಬರುವುದು ಇಷ್ಟು.

ಮಗಳು ಕರೆದುಕೊಂಡು ಹೋದದ್ದು ಆಂಡರ್‌ಲೆಕ್ಟ್ ಎಂಬ ಭಾಗದ ಕಾಂತಿಯೋನ್ ಬ್ರೂವರಿಗೆ. 1900ರಲ್ಲಿ ಶುರುವಾದದ್ದು, ಇವತ್ತಿಗೂ ಅದೇ ಕುಟುಂಬದ ಕೈಯಲ್ಲಿದೆ. 1978ರಿಂದ ಅದನ್ನೊಂದು ಮ್ಯೂಸಿಯಮ್ ಆಗಿಯೂ ನಡೆಸುತ್ತಿದ್ದಾರೆ. ಟಿಕೆಟು ತೆಗೆದುಕೊಂಡರೆ ಒಳಗೆಲ್ಲ ಸುತ್ತಾಡಬಹುದು, ಕೊನೆಯಲ್ಲಿ ರುಚಿ ನೋಡಲಿಕ್ಕೆ ಕೊಡುತ್ತಾರೆ. ಹೊರಗಿನಿಂದ ನೋಡಿದರೆ ನಮ್ಮ ಹಳೇ ಹಂಚಿನ ಕಾರ್ಖಾನೆಯ ಗೋಡೌನಿನ ಹಾಗೆ ಇದೆ.

ಕಷಾಯದಲ್ಲಿ ಮೂರರಲ್ಲಿ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು ಹಸಿ ಗೋಧಿ, ಉಳಿದದ್ದು ಮೊಳಕೆಯ ಬಾರ್ಲಿ. ಹಾಪ್ಸ್ ಹೂವು ಹೊಸದಲ್ಲ, ಎರಡು ಮೂರು ವರ್ಷ ಇಟ್ಟು ಕಹಿ ಕಳೆದುಕೊಂಡದ್ದು. ಕೆಡದಂತೆ ಕಾಯುವ ಗುಣ ಮಾತ್ರ ಅದರಲ್ಲಿ ಉಳಿದಿರುತ್ತದೆ. ಕುದಿದ ಕಷಾಯವನ್ನು ಅಟ್ಟದ ಮೇಲಿನ ಒಂದು ತಾಮ್ರದ ತೊಟ್ಟಿಗೆ ಬಿಡುತ್ತಾರೆ. ಮದುವೆ ಅಡುಗೆಯ ಕೊಪ್ಪರಿಗೆಯನ್ನು ತಟ್ಟಿ ಚಪ್ಪಟೆ ಮಾಡಿ ಒಂದು ಕೋಣೆಯಷ್ಟು ಹಿಗ್ಗಿಸಿದರೆ ಹೇಗಿರುತ್ತದೋ ಹಾಗೆ. ಮುಚ್ಚಳ ಇಲ್ಲ. ಮಾಡಿನ ಬದಿಯ ಕಿಂಡಿಗಳನ್ನು ತೆರೆದಿಡುತ್ತಾರೆ. ಒಂದು ಚಳಿಗಾಲದ ರಾತ್ರಿ ಅದು ಅಲ್ಲಿ ಹಾಗೇ ಇರಬೇಕು. ಬೆಳಿಗ್ಗೆಗೆ ಹದಿನೆಂಟೋ ಇಪ್ಪತ್ತೋ ಡಿಗ್ರಿಗೆ ಇಳಿಯುತ್ತದೆ. ಆಮೇಲೆ ಪೀಪಾಯಿಗೆ. ಓಕ್ ಮತ್ತು ಚೆಸ್ಟ್‌ನಟ್ ಮರದ ಹಳೆಯ ಪೀಪಾಯಿಗಳು, ಮೊದಲು ವೈನು, ಬ್ರಾಂದಿ ತುಂಬಿದ್ದವು. ಕೆಲವೇ ದಿನದಲ್ಲಿ ಮೇಲಿನ ತೂತಿನಿಂದ ನೊರೆ ಉಕ್ಕಿ ಹರಿಯುತ್ತದೆ. ಅದು ಅಡಗಿದ ಮೇಲೆ ಬಿರಡೆ ಹಾಕಿ ಬಿಟ್ಟರೆ ಮತ್ತೆ ಒಂದರಿಂದ ಮೂರು ವರ್ಷ. ಪೀಪಾಯಿಗಳ ಮೇಲೆ ಜೇಡರ ಬಲೆ. ತೆಗೆಯುವುದಿಲ್ಲ. ಬೇಸಿಗೆಯಲ್ಲಿ ಹಣ್ಣಿಗೆ, ಹುಳಿವಾಸನೆಗೆ ಬರುವ ನೊಣಗಳನ್ನು ಜೇಡ ತಿನ್ನಲಿ ಎಂದು.

ಇದೆಲ್ಲ ನೋಡುವಾಗ ನನಗೆ ನೆನಪಾದದ್ದು ನಮ್ಮೂರಿನ ಕಳ್ಳು. ಮೂರ್ತೆದಾರ ತೆಂಗಿನ ಕೊಂಬು ಕೆತ್ತಿ ಮಡಕೆ ಕಟ್ಟುತ್ತಿದ್ದ. ಹೆಪ್ಪು ಗಿಪ್ಪು ಏನೂ ಇಲ್ಲ. ಬೆಳಿಗ್ಗೆ ಇಳಿಸಿದ್ದು ಸಿಹಿ, ಮಧ್ಯಾಹ್ನಕ್ಕೆ ಹುಳಿ, ಸಂಜೆಗೆ ತಲೆಗೆ ಏರುವಂಥದ್ದು. ಹುಳಿ ಬರುವುದು ಬೇಡ ಅಂದರೆ ಅವನು ಮರ ಬದಲಿಸುತ್ತಿರಲಿಲ್ಲ, ಊರೂ ಬದಲಿಸುತ್ತಿರಲಿಲ್ಲ. ಮಡಕೆಯ ಒಳಗೆ ಸುಣ್ಣ ಬಳಿಯುತ್ತಿದ್ದ, ಅಷ್ಟೆ. ಈ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ರುಚಿ.

ಮೊದಲು ಕೊಟ್ಟದ್ದು ಬೆರಕೆ ಮಾಡದ ಲ್ಯಾಂಬಿಕ್, ಮಣ್ಣಿನ ಹೂಜಿಯಿಂದ ಬಗ್ಗಿಸಿ. ಬಣ್ಣ ಹಳೇ ಜೇನಿನದ್ದು. ನೊರೆ ಇಲ್ಲ, ಗುಳ್ಳೆ ಇಲ್ಲ. ಬಿಯರು ಅಂದರೆ ಬುಸ್ಸೆನ್ನಬೇಕು ಎಂದು ತಿಳಿದವನಿಗೆ ಇದು ಸತ್ತುಹೋದದ್ದರ ಹಾಗೆ ಕಾಣುತ್ತದೆ. ಬಾಯಿಗಿಟ್ಟರೆ ನಿನ್ನೆಯ ಕಳ್ಳಿನ ಅಣ್ಣ. ಹುಳಿ ಇದೆ, ಆದರೆ ಅದಕ್ಕೆ ಮುಂದೆ ಹೋಗುವ ದಾರಿ ಗೊತ್ತಿಲ್ಲ. ಒಳ್ಳೆಯ ಕಚ್ಚಾ ಸಾಮಾನು, ಅಷ್ಟೆ ಅನಿಸಿತು.

ಆಮೇಲೆ ಗ್ಯೋಜ್. ಶಾಂಪೇನಿನಂಥ ದಪ್ಪ ಬಾಟಲಿ, ಬಿರಡೆ ತೆಗೆದಾಗ ಸದ್ದು. ಮಬ್ಬು ಹಳದಿ, ಮೇಲೆ ತೆಳು ನೊರೆ. ಮೂಗಿಗೆ ಮೊದಲು ಬಂದದ್ದು ಗಜನಿಂಬೆಯ ಸಿಪ್ಪೆ. ಅದರ ಹಿಂದೆಯೇ ಒದ್ದೆ ಬೈಹುಲ್ಲು. ಅದರ ಹಿಂದೆ, ಹೇಳಲಿಕ್ಕೆ ಸಂಕೋಚ, ದನದ ಕೊಟ್ಟಿಗೆ. ಇಂಗ್ಲಿಷಿನವರು ಇದಕ್ಕೆ ಕುದುರೆಯ ಕಂಬಳಿಯ ವಾಸನೆ ಅನ್ನುತ್ತಾರಂತೆ. ಕುದುರೆ ಸಾಕದ ನಮಗೆ ಕೊಟ್ಟಿಗೆಯೇ ಸರಿ, ಗೊಬ್ಬರ ತೆಗೆದು ಹೊಸ ಸೊಪ್ಪು ಹಾಸಿದ ಬೆಳಗಿನ ಕೊಟ್ಟಿಗೆ. ಕುಡಿದರೆ ಮೊದಲ ಗುಟುಕಿಗೆ ಬಿಂಬುಳಿ ಕಚ್ಚಿದ ಹಾಗೆ ನಾಲಿಗೆಯ ಎರಡೂ ಬದಿ ಸೆಟೆದುಕೊಳ್ಳುತ್ತದೆ. ಎರಡನೆಯ ಗುಟುಕಿಗೆ ಆ ಹುಳಿಯೊಳಗೆ ಸೇಬಿನ ಸಿಪ್ಪೆ, ಮತ್ತೆ ಚಕ್ಕೋತದ ಬಿಳಿ ತಿರುಳಿನ ಸಣ್ಣ ಕಹಿ. ಕೊನೆಗೆ ಸಿಹಿ ಎಂಬುದು ಚೂರೂ ಉಳಿಯದೆ ಬಾಯಿ ಒಣಗುತ್ತದೆ, ಒಣಗಿದ ಬಾಯಿ ಮತ್ತೊಂದು ಗುಟುಕು ಕೇಳುತ್ತದೆ. ಮತ್ತು ಬರಿಸುವ ಭಾಗ ನೂರಕ್ಕೆ ಸುಮಾರು ಐದು, ಸಾಮಾನ್ಯ ಬಿಯರಿನಷ್ಟೇ. ತಲೆ ತಿರುಗುವ ಪೈಕಿ ಅಲ್ಲ, ತಲೆ ಕೆರೆದುಕೊಳ್ಳುವ ಪೈಕಿ.

ಒಂದೊಂದೇ ಲ್ಯಾಂಬಿಕ್‌ನಲ್ಲಿ ಇಲ್ಲದ್ದು ಬೆರಕೆಯಲ್ಲಿ ಹೇಗೆ ಬಂತು? ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ ಇದು ಮೂರು ಅವಧಿಯ ಠೇವಣಿ. ಮೂರು ವರ್ಷದ್ದಕ್ಕೆ ಆಳ ಇದೆ, ವಾಸನೆ ಇದೆ, ಆದರೆ ಜೀವ ಮುಗಿದಿದೆ. ಒಂದು ವರ್ಷದ್ದರಲ್ಲಿ ಇನ್ನೂ ಕರಗದ ಸಕ್ಕರೆ ಉಳಿದಿರುತ್ತದೆ. ಅದೇ ಬಾಟಲಿಯೊಳಗೆ ಮತ್ತೆ ಹುದುಗಿ ಗುಳ್ಳೆ ಹುಟ್ಟಿಸುತ್ತದೆ. ಎರಡು ವರ್ಷದ್ದು ಇವೆರಡನ್ನೂ ಹೊಂದಿಸುತ್ತದೆ. ಹೊರಗಿನಿಂದ ಸಕ್ಕರೆ ಸೇರಿಸುವುದಿಲ್ಲ. ಯಾವ ಪೀಪಾಯಿಯಿಂದ ಎಷ್ಟು ತೆಗೆಯಬೇಕು ಎಂಬುದಕ್ಕೆ ಫಾರ್ಮುಲಾ ಇಲ್ಲ, ಬೆರೆಸುವವನ ನಾಲಿಗೆಯೇ ಲೆಕ್ಕದ ಪುಸ್ತಕ. ಕೃತಿ ಎಂದು ಕರೆಯುವುದಾದರೆ ಕೃತಿಕಾರ ಗಾಳಿಯಲ್ಲ, ಈ ಬೆರೆಸುವವನು. ನನಗೆ ಗ್ಯೋಜ್ ಹಿಡಿಸಿದ್ದು ಇದಕ್ಕಾಗಿ.

ಇನ್ನು ವೋಚರಿನ ವಿಷಯ. ಇಲ್ಲಿನ ಗಾಳಿ ಬಿಟ್ಟರೆ ಆಗದು ಎಂಬ ಮಾತಿಗೆ ಪುರಾವೆ ಏನು?

ಇವರು ಹೇಳುವ ಗಾಳಿ ಸೆನ್ನೆ ಎಂಬ ನದಿಯ ಕಣಿವೆಯದ್ದು. ಆದರೆ ಬ್ರಸೆಲ್ಸಿನ ನಡುಭಾಗದಲ್ಲಿ ಆ ನದಿ ಕಾಣುವುದೇ ಇಲ್ಲ. ಹೊಲಸು ಮತ್ತು ನೆರೆಯ ಕಾಟಕ್ಕೆ 1867ರಿಂದ 1871ರ ಒಳಗೆ ಅದರ ಮೇಲೆ ಕಮಾನು ಕಟ್ಟಿ ರಸ್ತೆ ಮಾಡಿಬಿಟ್ಟರು. ಕಾಂತಿಯೋನ್ ಶುರುವಾಗುವ ಹೊತ್ತಿಗೆ ನಗರದ ನಡುವಿನ ನದಿ ಆಗಲೇ ಭೂಗತ. ಚೆರ್ರಿ ತೋಟಗಳಿಂದ ಯೀಸ್ಟ್ ಹಾರಿ ಬರುತ್ತದೆ ಎಂಬ ಇನ್ನೊಂದು ಮಾತೂ ಇದೆ. ಸ್ಖಾರ್‌ಬೇಕ್ ಎಂಬ ಭಾಗ ಒಂದು ಕಾಲದಲ್ಲಿ ಚೆರ್ರಿಗೆ ಹೆಸರಾಗಿತ್ತು. ಈಗ ಅಲ್ಲಿ ಮನೆ ಮತ್ತು ಟ್ರಾಮು. ನದಿ ಹೋಯಿತು, ತೋಟ ಹೋಯಿತು, ಬಿಯರು ಮಾತ್ರ ಉಳಿಯಿತು. ಹಾಗಾದರೆ ಅದನ್ನು ಉಳಿಸಿದ್ದು ಯಾವುದು?

ವಿಜ್ಞಾನಿಗಳು ಈ ಪೀಪಾಯಿಗಳ ಒಳಗಿನ ಲೆಕ್ಕ ತೆಗೆದಿದ್ದಾರೆ. ಮೊದಲ ಕೆಲವು ವಾರ ಕರುಳಿನ ಬ್ಯಾಕ್ಟೀರಿಯಾದ ನೆಂಟರು. ಆಮೇಲೆ ಬ್ರೆಡ್ಡಿನ ಯೀಸ್ಟಿನ ಜಾತಿಯದ್ದೇ ಬಂದು ಸಕ್ಕರೆಯ ದೊಡ್ಡ ಪಾಲನ್ನು ತಿನ್ನುತ್ತದೆ. ಆಮೇಲೆ ಹುಳಿ ಮಾಡುವ ಬ್ಯಾಕ್ಟೀರಿಯಾ. ಕೊನೆಗೆ ಬ್ರೆಟಾನೊಮೈಸಿಸ್ ಎಂಬ ನಿಧಾನದ ಯೀಸ್ಟ್. ಕೊಟ್ಟಿಗೆಯ ವಾಸನೆ ಇದರ ದೇಣಿಗೆ. 2012ರಲ್ಲಿ ಅಮೆರಿಕದವರು ತಮ್ಮ ದೇಶದ ಒಂದು ಬ್ರೂವರಿಯಲ್ಲಿ ಇದೇ ಕ್ರಮದಲ್ಲಿ ಮಾಡಿದ ಬಿಯರನ್ನು ಪರೀಕ್ಷಿಸಿದರು. ಅಲ್ಲಿಯೂ ಹೆಚ್ಚುಕಡಿಮೆ ಇದೇ ಮೆರವಣಿಗೆ, ಇದೇ ಸರದಿ. ಅದನ್ನು ನಡೆಸಿದ್ದು ಆ ಬ್ರೂವರಿಯಲ್ಲೇ ನೆಲೆಸಿದ ಜೀವಾಣುಗಳು ಎಂಬುದು ಅವರ ತೀರ್ಮಾನ. 2019ರಲ್ಲಿ ಬ್ರಸೆಲ್ಸಿನದೇ ವಿಶ್ವವಿದ್ಯಾಲಯವೊಂದರ ವಿಜ್ಞಾನಿಗಳು ಇನ್ನೊಂದು ವಿಷಯ ಪ್ರಕಟಿಸಿದರು. ತೊಳೆದ ಪೀಪಾಯಿಯ ಒಳಗೋಡೆಯ ಮರದಲ್ಲೂ ಬೇಕಾದ ಜೀವಾಣುಗಳು ಉಳಿದಿರುತ್ತವೆ, ಹೊಸ ಕಷಾಯಕ್ಕೆ ಹೆಪ್ಪು ಅಲ್ಲಿಂದಲೂ ಸಿಗುತ್ತದೆ ಎಂದು. ನೆನಪಿರಲಿ, ಪೀಪಾಯಿಯನ್ನು ಇವರು ಕೊಳಕಾಗಿ ಬಿಡುವುದಿಲ್ಲ. ಬಿಸಿನೀರು ಹಾಕಿ, ಒಳಗೆ ಸರಪಳಿ ಬಿಟ್ಟು ಉರುಳಿಸಿ ಉಜ್ಜುತ್ತಾರೆ. ಆದರೂ ಮರ ತನ್ನ ನೆನಪು ಬಿಡುವುದಿಲ್ಲ. ಮೂರ್ತೆದಾರ ಸುಣ್ಣ ಬಳಿದದ್ದು ಮರಕ್ಕಲ್ಲ ಮಡಕೆಗೆ ಎಂದೆನಲ್ಲ, ಆ ಮಾತು ಇಲ್ಲಿಗೆ ಬಂತು.

ಆ ಬ್ರೆಟಾನೊಮೈಸಿಸ್‌ನ ಹೆಸರಿನ ಚರಿತ್ರೆಯೂ ತಮಾಷೆಯದ್ದು. 1904ರಲ್ಲಿ ಅದೇ ಕಾರ್ಲ್ಸ್‌ಬರ್ಗ್ ಪ್ರಯೋಗಶಾಲೆಯ ಕ್ಲಾಸೆನ್ ಎಂಬವ ಅದನ್ನು ಇಂಗ್ಲೆಂಡಿನ ಬಿಯರಿನಲ್ಲಿ ಗುರುತಿಸಿ 'ಬ್ರಿಟಿಷ್ ಬೂಷ್ಟು' ಎಂಬ ಅರ್ಥ ಬರುವ ಹೆಸರಿಟ್ಟ. ಮುಂದೆ ಲ್ಯಾಂಬಿಕ್‌ನಲ್ಲಿ ಸಿಕ್ಕಿದ ಬಗೆಗೆ ಬ್ರಸೆಲ್ಸಿನ ಹೆಸರು ಅಂಟಿಸಿದರು. ಮನೆತನದ ಹೆಸರು ಇಂಗ್ಲೆಂಡಿನದ್ದು, ಸ್ವಂತ ಹೆಸರು ಬ್ರಸೆಲ್ಸಿನದ್ದು, ನಾಮಕರಣ ಶುರುವಾದದ್ದು ಡೆನ್ಮಾರ್ಕಿನಲ್ಲಿ. ಡೊಂಬಿವಲಿಯ ನಮ್ಮ ಬಿಲ್ಡಿಂಗಿನ ಹೆಸರಿನ ಬೋರ್ಡು ಓದಿದರೂ ಹೀಗೆಯೇ ಇರುತ್ತದೆ.

ಎಲ್ಲಕ್ಕಿಂತ ಗಟ್ಟಿ ಪುರಾವೆ ಬೆರಕೆಯವರದ್ದು. ಈ ಸೀಮೆಯಲ್ಲಿ ಸ್ವತಃ ಕಷಾಯ ಕುದಿಸದೆ, ಬೇರೆ ಬ್ರೂವರಿಗಳಲ್ಲಿ ರಾತ್ರಿ ಕಳೆದ ಕಷಾಯವನ್ನು ಕೊಂಡು ತಂದು, ತಮ್ಮ ಪೀಪಾಯಿಯಲ್ಲಿ ಹುದುಗಿಸಿ ಬೆರೆಸುವವರಿದ್ದಾರೆ. ಡ್ವೋರ್ಪ್ ಊರಿನ ಹ್ಯಾನ್ಸೆನ್ಸ್ ಮನೆಯವರು ಹಳಬರು. 2009ರಲ್ಲಿ ಶುರುವಾದ ಟಿಲ್ಕ್ಯಾನ್ ಹೊಸಬರು, ಬೂನ್, ಲಿಂಡೆಮನ್ಸ್, ಜಿರಾರ್ಡಿನ್, ಕಾಂತಿಯೋನ್‌ಗಳಿಂದ ಕಷಾಯ ತರುತ್ತಾ ಬಂದವರು. ಗಾಳಿ ಸೋಕಿದ್ದು ಒಂದು ಮನೆಯಲ್ಲಿ, ಬೆಳೆದದ್ದು ಇನ್ನೊಂದು ಮನೆಯಲ್ಲಿ. ಮಗಳ ಮನೆಯಲ್ಲಿ ಅವರದ್ದೂ ಒಂದು ಬಾಟಲಿ ತೆಗೆದೆವು. ಹುಳಿ ಮೃದು, ಕೊಟ್ಟಿಗೆ ಕಡಿಮೆ, ಹಣ್ಣು ಹೆಚ್ಚು. ನಾಲ್ಕು ಮನೆಯ ಮಕ್ಕಳನ್ನು ತಂದು ಸಾಕಿದರೂ ರುಚಿ ಸಾಕಿದ ಮನೆಯದ್ದೇ. 1997ರಲ್ಲಿ ಯುರೋಪಿಯನ್ ಒಕ್ಕೂಟ 'ಹಳೆಯ ಗ್ಯೋಜ್' ಎಂಬ ಹೆಸರಿಗೆ ಕಾನೂನಿನ ರಕ್ಷಣೆ ಕೊಟ್ಟಿತು. ಮರದ ಪೀಪಾಯಿಯಲ್ಲಿ ಮಾಗಿರಬೇಕು, ಬೆರಕೆಯಲ್ಲಿ ಕನಿಷ್ಠ ಮೂರು ವರ್ಷದ್ದು ಇರಬೇಕು ಇತ್ಯಾದಿ. ಕಾಗದಪತ್ರ ಓದಿ ಬೆಳೆದ ನನ್ನ ಕಣ್ಣಿಗೆ ಬಿದ್ದದ್ದು, ಅದು ರಕ್ಷಿಸುವುದು ಮಾಡುವ ಕ್ರಮವನ್ನು, ಊರನ್ನಲ್ಲ. ಅವರ ಸರಕಾರಿ ಕಾಗದವೇ ಗಾಳಿಯ ಮಾತಿಗೆ ಸಹಿ ಹಾಕಿಲ್ಲ.

ಹಾಗೆಂದು ಊರಿನ ಪಾಲು ಸೊನ್ನೆ ಎಂದು ಬರೆದರೆ ನನ್ನ ಲೆಕ್ಕವೂ ತಪ್ಪಾಗುತ್ತದೆ. ತೆರೆದಿಟ್ಟ ಕಷಾಯಕ್ಕೆ ಚಳಿಯ ರಾತ್ರಿ ಬೇಕೇ ಬೇಕು. ಸೆಕೆ ಇದ್ದರೆ ಬೇಡದ ಜೀವಾಣು ಮೊದಲು ಬಂದು ಕೂರುತ್ತದೆ. ಅದಕ್ಕಾಗಿ ಅಕ್ಟೋಬರ್ ಕೊನೆಯಿಂದ ಏಪ್ರಿಲ್ ವರೆಗೆ ಮಾತ್ರ ಇವರ ಕೆಲಸ. 2015ರ ನವೆಂಬರಿನಲ್ಲಿ ರಾತ್ರಿಗಳು ಬಿಸಿಯಾಗಿ ಕಾಂತಿಯೋನ್‌ನವರು ಸ್ವಲ್ಪ ದಿನ ಕುದಿಸುವುದನ್ನೇ ನಿಲ್ಲಿಸಬೇಕಾಯಿತು. ಅಂದರೆ ಊರಿನ ಹವೆಯೂ ಊರಲ್ಲಿ ಗಟ್ಟಿಯಾಗಿ ಕೂತಿಲ್ಲ. ನಾವು ಬಿಟ್ಟು ಬಂದ ಊರು ಹಾಗೆಯೇ ಇದೆ ಎಂದು ನಂಬಿರುವುದು ನಾವು ಮಾತ್ರ.

ಇಷ್ಟರಲ್ಲಿ ವಿಮರ್ಶೆ ಮುಗಿಸಬಹುದಿತ್ತು. ಆದರೆ ಬಾಟಲಿ ಮುಂಬಯಿಗೂ ಬಂತು. ವಿದೇಶದಿಂದ ಎರಡು ಲೀಟರ್ ತರಬಹುದು; ಮಹಾರಾಷ್ಟ್ರದಲ್ಲಿ ಕುಡಿಯಲಿಕ್ಕೆ ಪರ್ಮಿಟ್ ಬೇಕು, ಅದನ್ನೂ ಮಾಡಿಸಿಕೊಂಡಿದ್ದೇನೆ. ಬ್ಯಾಂಕಿನವನ ಬುದ್ಧಿ. 2023ರ ಜೂನಿನಲ್ಲಿ ಮೊದಲ ಮಳೆ ಬಿದ್ದ ಸಂಜೆ ಡೊಂಬಿವಲಿಯ ಅಡುಗೆಮನೆಯಲ್ಲಿ ಗ್ಯೋಜ್ ತೆಗೆದೆ. ಹೆಂಡತಿ ಬಂಗುಡೆ ಹುರಿಯುತ್ತಿದ್ದಳು. ಅವಳು ಕುಡಿಯುವವಳಲ್ಲ. ಸ್ಟೀಲಿನ ಲೋಟದಲ್ಲಿ ಎರಡು ಚಮಚದಷ್ಟು ಬಗ್ಗಿಸಿಕೊಟ್ಟೆ. ತುಟಿಗೆ ತಾಗಿಸಿ ಮುಖ ಹಿಂಡಿದಳು. "ಒಂದು ತುಂಡು ಬೆಲ್ಲ ಹಾಕಿದ್ರೆ ಸರಿ ಆಗ್ತಿತ್ತು," ಅಂದಳು. ಮತ್ತೆ ಲೋಟವನ್ನು ಮೂಗಿನ ಹತ್ತಿರ ತಂದು ಸುಮ್ಮನೆ ನಿಂತಳು.

"ಇದು ನಮ್ಮ ಮರಿಗೆ ವಾಸನೆ ಅಲ್ವಾ?"

ಮರಿಗೆ ಅಂದರೆ ಹಲಸಿನ ಮರ ಕಡೆದು ಮಾಡಿದ ಅಗಲ ಬಾಯಿಯ ಪಾತ್ರೆ. ಅವಳ ಅಜ್ಜಿಯದ್ದು. 1986ರಲ್ಲಿ ಕೊಂಕಣ ರೈಲು ಇರಲಿಲ್ಲ. ಹಗಲು ರಾತ್ರಿ ಬಸ್ಸಿನಲ್ಲಿ ಅದನ್ನು ಮಡಿಲಲ್ಲಿ ಇಟ್ಟುಕೊಂಡು ಮಾಟುಂಗದ ಬಾಡಿಗೆ ಕೋಣೆಗೆ ಬಂದಿದ್ದಳು. ಇಡ್ಲಿ ಹಿಟ್ಟು ಅದರಲ್ಲೇ. ಸಾಬೂನು ತಾಗಿಸದೆ ಬಿಸಿನೀರಲ್ಲಿ ತೊಳೆದು ಬಿಸಿಲಿಗೆ ಕವುಚಿ ಹಾಕುತ್ತಿದ್ದಳು. 1994ರಲ್ಲಿ ಹೌಸಿಂಗ್ ಲೋನ್ ಸಿಕ್ಕಿ ಡೊಂಬಿವಲಿಯ ಈ ಫ್ಲ್ಯಾಟಿಗೆ ಬರುವಾಗ ಮರಿಗೆ ಬರಲಿಲ್ಲ. ಟೆಂಪೋದವರು ಎಲ್ಲೋ ಬೀಳಿಸಿದರು ಎಂದು ನಾನು ಹೇಳಿದೆ. ನಿಜ ಏನೆಂದರೆ ಅದನ್ನು ಮಾಟುಂಗದ ಕಸದ ರಾಶಿಗೆ ಹಾಕಿದವನು ನಾನೇ. ಕಪ್ಪಾಗಿತ್ತು, ಹುಳಿವಾಸನೆ ಬರುತ್ತಿತ್ತು. ಹೊಸ ಫ್ಲ್ಯಾಟಿನ ಬಿಳಿ ಟೈಲ್ಸಿನ ಅಡುಗೆಮನೆಗೆ, ಆಫೀಸಿನವರು ಗೃಹಪ್ರವೇಶಕ್ಕೆ ಬರುವಲ್ಲಿಗೆ, ಅದು ನಾಚಿಕೆ ಅನಿಸಿತ್ತು. ಅಲ್ಲಿಂದ ಮುಂದೆ ಹಿಟ್ಟು ಸ್ಟೀಲಿನ ಪಾತ್ರೆಯಲ್ಲಿ. ಅಲ್ಲಿಂದ ಮುಂದೆ ನನ್ನ ದೂರೂ ಜಾಸ್ತಿಯಾಯಿತು. ಇಡ್ಲಿ ಕಲ್ಲಾಗಿದೆ, ಹುಳಿ ಬಂದಿಲ್ಲ, ಈ ಊರಿನ ಗಾಳಿಯೇ ಸರಿ ಇಲ್ಲ.

ಕಾಂತಿಯೋನ್‌ನ ಪೀಪಾಯಿಗಳ ಸಾಲಿನಲ್ಲಿ ನಿಂತಾಗಲೇ ಅದು ನೆನಪಾಗಿತ್ತು. ಮಗಳಿಗೆ ಹೇಳಿರಲಿಲ್ಲ. ಆ ಸಂಜೆ ಹೆಂಡತಿಗೆ ಹೇಳಿದೆ.

ಅವಳು ಬಂಗುಡೆ ಮಗುಚಿ ಹಾಕಿ, ಗ್ಯಾಸು ಸಣ್ಣ ಮಾಡಿ, ಅಂದಳು: "ಟೆಂಪೋದವನನ್ನು ನಾನು ಆವತ್ತೇ ಕೇಳಿದ್ದೆ. ಅವ ಹೇಳಿದ. ಮರಿಗೆ ಹೋದದ್ದಕ್ಕೆ ನನಗೆ ಬೇಜಾರಿಲ್ಲ ಮಾರಾಯ್ರೆ. ಹಳತಾಗಿತ್ತು. ಆದ್ರೆ ಮೂವತ್ತು ವರ್ಷ ಗಾಳಿ ಸರಿ ಇಲ್ಲ, ಗಾಳಿ ಸರಿ ಇಲ್ಲ ಅಂತ ಹೇಳಿದ್ರಲ್ಲ, ಅದು ಗಾಳಿಗೆ ಹೇಳಿದ್ದಾ? ರುಬ್ಬಿದವಳು ನಾನು."

ನನ್ನಲ್ಲಿ ಉತ್ತರ ಇರಲಿಲ್ಲ. ಇಡ್ಲಿಯ ಹುಳಿ ಮುಖ್ಯವಾಗಿ ಉದ್ದು ಅಕ್ಕಿಗಳ ಜೊತೆಗೇ ಬರುವ ಬ್ಯಾಕ್ಟೀರಿಯಾದಿಂದ, ಪಾತ್ರೆಯ ಪಾಲು ಆಮೇಲಿನದ್ದು ಎಂದು ನಾನು ಓದಿಕೊಂಡಿದ್ದೆ. ಆ ಹೊತ್ತಿಗೆ ಅದನ್ನು ಹೇಳುವಷ್ಟು ದಡ್ಡನಾಗಲಿಲ್ಲ. ಉದ್ದು ಮುಂಬಯಿಯಲ್ಲೂ ಸಿಗುತ್ತದೆ, ಸೆಕೆ ಊರಿನಷ್ಟೇ ಇದೆ, ಗಾಳಿಯ ತಪ್ಪು ಏನೂ ಇರಲಿಲ್ಲ. ಮರಿಗೆ ಹೋದದ್ದಕ್ಕೆ ಇಡ್ಲಿ ಎಷ್ಟು ಕೆಟ್ಟಿತೋ, ನನ್ನ ನಾಲಿಗೆಯಲ್ಲೇ ಎಷ್ಟು ಕೆಟ್ಟಿತೋ, ಅದಕ್ಕೂ ನನ್ನ ಹತ್ತಿರ ವೋಚರಿಲ್ಲ.

ಇನ್ನು ತೀರ್ಮಾನ. ಗುಣ ಹೇಳಿದ್ದೇನೆ, ದೋಷವನ್ನೂ ಹೇಳಬೇಕು. ಗ್ಯ್ಯೋಜ್ ಊಟದ ಜೊತೆಗಾರನೇ ಹೊರತು ಒಬ್ಬನೇ ಕೂತು ಕುಡಿಯುವಂಥದ್ದಲ್ಲ. ಬ್ರಸೆಲ್ಸಿನಲ್ಲಿ ಬ್ರೆಡ್ಡಿನ ಮೇಲೆ ಹಸಿ ಗಿಣ್ಣು, ಮೂಲಂಗಿ ಇಟ್ಟು ಇದರ ಜೊತೆ ತಿನ್ನುತ್ತಾರೆ, ಅದು ಸರಿಯಾದ ಜೋಡಿ. ಹುರಿದ ಬಂಗುಡೆಗೂ ಚೆನ್ನಾಗಿ ಹೊಂದಿತು, ಎಣ್ಣೆಯನ್ನು ಕಡಿದು ಹಾಕುತ್ತದೆ. ತೆಂಗಿನಕಾಯಿ ಬಿದ್ದ ಯಾವುದಕ್ಕೂ ಆಗದು. ಹುಳಿಯ ಜೊತೆ ಸ್ವಲ್ಪ ಬೆಲ್ಲ ಕೇಳುವ ನಮ್ಮ ಕರಾವಳಿಯ ನಾಲಿಗೆಗೆ ಇದು ಕಡೆಯವರೆಗೂ ಅರ್ಧ ಅಪರಿಚಿತವೇ. ಹಾಗೆಂದು ಬೆಲ್ಲವೂ ಪರಿಹಾರವಲ್ಲ. ಬ್ರಸೆಲ್ಸಿನ ಅಂಗಡಿಯೊಂದರಲ್ಲಿ ಸಿಹಿ ಬೆರೆಸಿ ಮಾರುವ ಗ್ಯೋಜ್ ಕೊಂಡು ನೋಡಿದೆ. ಹುಳಿಯ ಬಾಯಿ ಕಟ್ಟಿ ಕೂರಿಸಿದ ಹಾಗಿತ್ತು. ಇನ್ನೊಂದು ದೋಷ ಬಿಯರಿನದ್ದಲ್ಲ, ಅದರ ಭಕ್ತರದ್ದು. ಬೂಷ್ಟು, ಜೇಡರ ಬಲೆ, ನದಿಯ ಗಾಳಿ ಎಂದು ಎಲ್ಲವನ್ನೂ ಪವಾಡ ಮಾಡುತ್ತಾರೆ. ಹಾಗೆ ಮಾಡಿದರೆ ಪೀಪಾಯಿ ಉಜ್ಜಿದವರಿಗೆ, ಮೂರು ವರ್ಷ ಕಾದು ಬೆರೆಸಿದವರಿಗೆ ಸಿಗಬೇಕಾದ ಮರ್ಯಾದೆ ಗಾಳಿಗೆ ಜಮೆಯಾಗುತ್ತದೆ. ನಾನು ನನ್ನ ಮನೆಯಲ್ಲಿ ಮಾಡಿದ್ದೂ ಈ ತಪ್ಪು ಜಮೆಯನ್ನೇ.

2024ರ ದೀಪಾವಳಿಗೆ ಊರಿಗೆ ಹೋದಾಗ ಮರಿಗೆ ಮಾಡುವವರನ್ನು ಹುಡುಕಿದೆ. ಈಗ ಯಾರೂ ಕೇಳುವುದಿಲ್ಲವಂತೆ. ಒಬ್ಬರು ವಯಸ್ಸಾದ ಆಚಾರಿ, "ಎಂತಕ್ಕೆ, ಶೋಕೇಸಿಗಾ?" ಎಂದು ಕೇಳಿದರು. ಹಿಟ್ಟಿಗೆ ಅಂದೆ. ನನ್ನ ಮುಖ ನೋಡಿ, ಹದಿನೈದು ದಿನ ಬಿಟ್ಟು ಬನ್ನಿ ಅಂದರು. ರೈಲಿನಲ್ಲಿ ಅದನ್ನು ಮಡಿಲಲ್ಲಿ ಇಟ್ಟುಕೊಂಡು ಬಂದವನು ಈ ಸಲ ನಾನು. ಹಿಟ್ಟಿಗೆ ಇನ್ನೂ ಹೊಸ ಮರದ ವಾಸನೆ ಹೋಗಿಲ್ಲ. ಇಡ್ಲಿ ಹೇಗಿದೆ ಎಂದು ಹೆಂಡತಿ ನನ್ನನ್ನು ಕೇಳುವುದಿಲ್ಲ, ನಾನೂ ಹೇಳುವುದಿಲ್ಲ. ಒಮ್ಮೆ ನಾನೇ ಕೇಳಿದ್ದಕ್ಕೆ, "ಮೂರು ವರ್ಷ ಆಗಲಿ, ಆಮೇಲೆ ಮಾತಾಡುವ," ಅಂದಳು. ಆಗ ನನಗೆ ಎಪ್ಪತ್ತು ಹತ್ತಿರವಾಗಿರುತ್ತದೆ. ಬ್ರಸೆಲ್ಸಿನಿಂದ ತಂದ ಇನ್ನೊಂದು ಬಾಟಲಿ ಕಪಾಟಿನಲ್ಲಿ ಮಲಗಿದೆ. ಅದನ್ನು ಅಲ್ಲಿಯವರೆಗೆ ತೆಗೆಯುವುದಿಲ್ಲ.